ತೆರೆಯದ ಬಂಕರ್

ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹಿಂದೆ ಪವಿತ್ರಾ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಸೈಬರ್ ಸೆಂಟರ್ ನಡೆಸುತ್ತಿದ್ದಳು. ೨೦೦೩ರ ಬೇಸಿಗೆಯಲ್ಲಿ ಅವಳು ಹೊಸದೊಂದು ಯುದ್ಧದ ಗೇಮ್ ತಂದಳು. ಬಂದೂಕು ನಮ್ಮ ಕೈಯಲ್ಲೇ ಇದೆ, ನಮ್ಮ ಕಣ್ಣಿಂದಲೇ ಯುದ್ಧ ನೋಡುತ್ತಿದ್ದೇವೆ ಅನ್ನಿಸುವಂಥ ಆಟ. ಅದೇ ವಾರ ಕನಕರಾಜು ಅರ್ಜಿಯೊಂದನ್ನು ಟೈಪ್ ಮಾಡಿಸಲು ಬಂದ. ಹದಿನೇಳು ವರ್ಷ ಸೈನ್ಯದಲ್ಲಿದ್ದು, ಈಗ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಕಾವಲಿಗಿದ್ದವನು.

"ನೀವು ಆಡಿ ಹೇಳಿ ಅಣ್ಣ, ಎಲ್ಲಿ ನಿಜ, ಎಲ್ಲಿ ಸುಳ್ಳು ಅಂತ," ಎಂದು ಅವಳೇ ಕೂರಿಸಿದಳು.

ಕಿವಿಯ ಪಕ್ಕ ಗುಂಡು ಹಾದ ಸದ್ದಿಗೆ ಅವನ ಭುಜ ತಾನಾಗಿ ಕುಗ್ಗಿತು. "ಸದ್ದು ಅಂಗೇ ಅದೆ ಕಣಮ್ಮ. ಮಣ್ಣು ಹಾರೋದೂ ಸರಿ. ಆದ್ರೆ ಇವ್ರು ಯಾರ್ಗೂ ಬಾಯಾರಕಿಲ್ಲ. ಸತ್ತೋನು ನೋಡ್ತಿದ್ದಂಗೇ ಮಾಯ ಆಯ್ತಾನೆ. ಹೆಣ ಹೊರೋ ಕೆಲ್ಸನೇ ಇಲ್ಲ."

ಆಟದ ಮಧ್ಯೆ ಅವನು ಒಂದು ಬಂಕರಿನೊಳಗೆ ಹೋದ. ಬಾಗಿಲು ಮುಚ್ಚಿಕೊಂಡಿತು. ಜೊತೆಗಾರ ಸೈನಿಕ ಹೊರಗಿನಿಂದ ಬಂದು ತೆಗೆಯಬೇಕು. ಆದರೆ ಅವನು ಮರಳಿನ ಮೂಟೆಗೆ ಸಿಕ್ಕಿಕೊಂಡು, ನಿಂತಲ್ಲೇ ಹೆಜ್ಜೆ ಹಾಕುತ್ತ, "ಬಂದೆ, ತಡಿ" ಎಂಬ ಅರ್ಥದ ಒಂದೇ ಇಂಗ್ಲಿಷ್ ಮಾತನ್ನು ಕೂಗುತ್ತಿದ್ದ.

"ಅದು ಗೇಮಿಂದೇ ತಪ್ಪು. ಮೊದಲಿಂದ ಶುರು ಮಾಡಿ," ಎಂದಳು ಪವಿತ್ರಾ.

ಕನಕರಾಜು ಒಪ್ಪಲಿಲ್ಲ. ಮೂರು ದಿನ ಮಧ್ಯಾಹ್ನ ಬಂದು ಅದೇ ಬಂಕರಿನಲ್ಲಿ ಕೂತ. ನಾಲ್ಕು ಗೋಡೆ ಸುತ್ತುವುದು, ಬಾಗಿಲ ಹತ್ತಿರ ನಿಲ್ಲುವುದು, ಆ ಕೂಗು ಕೇಳುವುದು. ಮೂರನೆಯ ದಿನ ಅವಳಿಗೆ ರೇಗಿತು. "ಏನಣ್ಣ ಇದು, ಅವನು ಬರಲ್ಲ!"

"ಬರ್ದಿದ್ರೂ ಸುಮ್ಕಾಗಕಿಲ್ಲ ನೋಡು," ಎಂದ ಕನಕರಾಜು. "ನೀನು ತಪ್ಪು ಅಂತೀಯಲ್ಲ, ನಂಗೆ ಇದ್ರಲ್ಲಿ ಚೆನ್ನಾಗಿರೋದು ಅದೊಂದೇ."

ಆಗಲೇ ಕರೆಂಟ್ ಹೋಯಿತು. ಬಿಸಿಲಿಗೆಂದು ಷಟರ್ ಪೂರಾ ಇಳಿಸಿದ್ದರಿಂದ ಒಳಗೆ ಕಗ್ಗತ್ತಲು. ಕುರ್ಚಿ ಉರುಳಿದ ಸದ್ದಾಯಿತು. ಕನಕರಾಜು ಗೋಡೆ ತಡಕುತ್ತಿದ್ದ. "ಬಾಗ್ಲೆಲ್ಲಮ್ಮ? ಬಾಗ್ಲೆಲ್ಲಿ?" ಅವನ ದನಿ ಮಗುವಿನ ದನಿಯಂತಿತ್ತು.

ಪವಿತ್ರಾ ಓಡಿ ಷಟರ್ ಎತ್ತಿದಳು. ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಬೆನ್ನಿನ ಅಂಗಿ ಒದ್ದೆಯಾಗಿತ್ತು. ನೀರು ಕುಡಿದ ಮೇಲೆ ಹೇಳಿದ: ಆರು ವರ್ಷದ ಹಿಂದೆ ಗಡಿಯ ಬೆಟ್ಟದಲ್ಲಿ ಹಿಮ ಕುಸಿದು, ಇವನು ಬಂಕರಿನ ಈ ಕಡೆ, ಹಂಪಾಪುರದ ಗುರುಮಲ್ಲಪ್ಪ ಆ ಕಡೆ ಸಿಕ್ಕಿಕೊಂಡಿದ್ದರು. ನಡುವೆ ಹಿಮದ ಗೋಡೆ. ಗುರುಮಲ್ಲಪ್ಪ ಬಹಳ ಹೊತ್ತು ಮಾತಾಡಿದ. ಆಮೇಲೆ ಮಾತು ನಿಂತಿತು.

"ಅವರ ಮನೆಗೆ ಹೋಗಿದ್ರಾ?"

"ಯಾವ ಮೊಕ ಇಟ್ಕೊಂಡು?"

ಆದರೂ ಮುಂದಿನ ಭಾನುವಾರ ಹಂಪಾಪುರಕ್ಕೆ ಹೋದ. ಬಸ್ಸಿಳಿದು, ಅರ್ಧ ಗಂಟೆ ನಿಂತು, ಅಲ್ಲಿಂದಲೇ ಹಿಂತಿರುಗಿದ. ಇನ್ನೊಂದು ಭಾನುವಾರವೂ ಹಾಗೇ ಆಯಿತು. ಮೂರನೆಯ ಸಲ ಮನೆ ಕೇಳಿಕೊಂಡು ಹೋಗಿ, ಗುರುಮಲ್ಲಪ್ಪನ ತಾಯಿ ಭಾಗ್ಯಮ್ಮನ ಮುಂದೆ ನಿಂತು ಎಲ್ಲ ಹೇಳಿದ.

ಮುದುಕಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಕೇಳಿಸಿಕೊಂಡಳು. ಕೊನೆಗೆ, "ಅವ್ನು ಮಾತು ನಿಲ್ಸಿದ್ ಮ್ಯಾಲೆ ನೀನೂ ನಿಲ್ಸಿಬುಟ್ಯಾ?" ಎಂದಳು.

"ಇಲ್ಲ ಕಣವ್ವ. ಮಿಲ್ಟ್ರಿಯೋರು ಬಂದು ಅಗ್ದು ತೆಗ್ಯೋಗಂಟ ಕೂಗ್ತಾನೇ ಇದ್ದೆ."

ಭಾಗ್ಯಮ್ಮ ಬಾಗಿಲಿಂದ ಸರಿದು, ಅವನಿಗೆ ಕೂರಲು ಚಾಪೆ ಹಾಸಿದಳು.