ಹೊರಗೆ ಚಪ್ಪಲಿ ಇರಲಿಲ್ಲ

"ಬಾಗಿಲು ತಟ್ಟಿದ್ರಾ, ಇಲ್ವಾ? ಅಷ್ಟೇ ಹೇಳಿ. ಇಲ್ಲಿ ನಿಮ್ಮ ಸೈನ್ ಇದೆ. ತಟ್ಟಿದೆ, ಮನೇಲಿ ಯಾರೂ ಇಲ್ಲ ಅಂತ ಟಿಕ್ ಹಾಕಿದ್ದೀರಿ. ಸುಳ್ಳು ಯಾಕೆ ಬರೆದ್ರಿ?"

ನಮ್ಮ ತಂಡದ ಶೆಡ್ಡಿನಲ್ಲಿ ಗೌತಮ್ ಮೇಜಿನ ಮೇಲೆ ಬಾಗಿ ಹೇಮಲತಾಳನ್ನು ಕೇಳುತ್ತಿದ್ದ. ಅವಳು ಪೆನ್ನಿನ ಕ್ಯಾಪು ತೆಗೆಯುತ್ತ, ಹಾಕುತ್ತ ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ನಾನಿದ್ದೆ.

"ಏಯ್, ದನಿ ತಗ್ಗಿಸು," ಅಂದೆ. "ಅವಳೇನು ಸಂಬಳಕ್ಕೆ ಬಂದವಳಲ್ಲ. ಅಷ್ಟು ಕಾಳಜಿ ಇದ್ದವ ತಾಯಿಯನ್ನು ಇಲ್ಲಿ ಬಿಟ್ಟು ಮೆಲ್ಬರ್ನಿಗೆ ಎಂತಕ್ಕೆ ಹೋದೆ?"

ಆಡಬಾರದ ಮಾತು. ಆಡಿಯಾಗಿತ್ತು.

ಗೌತಮ್ ನನ್ನ ಕಡೆ ತಿರುಗಿದ. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಇಳಿದಿತ್ತು. "ನಿಮ್ಮ ಮೇಲೆ ನನಗೆ ಕೋಪ ಇಲ್ಲ ಅಂಕಲ್. ಆವತ್ತು ನನ್ನ ಫೋನ್ ಎತ್ತಿದ್ದು ನೀವೊಬ್ರೇ."

ಬೈದಿದ್ದರೆ ಆಗುತ್ತಿತ್ತು. ಆ ಮಾತನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತೆ. ನಮ್ಮ ತಂಡದ ಮುಖ್ಯಸ್ಥೆ ಡೆಬ್ರಾ ಅವನಿಗೆ ಕುರ್ಚಿ ಎಳೆದುಕೊಟ್ಟು, ಕೂತು ಮಾತಾಡೋಣ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವನು ಕೂರಲಿಲ್ಲ.

ನೆರೆ ಬಂದು ಹದಿನೆಂಟು ದಿನವಾಗಿತ್ತು. ಗೌತಮನ ತಾಯಿ ವಸಂತಮ್ಮ ಆ ನೀರಿನಲ್ಲಿ ಸತ್ತಿದ್ದರು.

ನಾನು ಸಿಡ್ನಿಯಲ್ಲಿ ಬಸ್ ಓಡಿಸುವವನು. ಅಂಕೋಲೆಯ ಹತ್ತಿರದ ಊರು, ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ, ಅಷ್ಟೇ ನನ್ನ ಓದು. ಆದರೆ ಹೊಳೆ ಗೊತ್ತು, ದೋಣಿ ಗೊತ್ತು. ಹಾಗಾಗಿ ಆರು ವರ್ಷದ ಹಿಂದೆ ನಮ್ಮ ಬಡಾವಣೆ ಟೂಂಗಾಬಿಯ ಈ ಸ್ವಯಂಸೇವಕರ ತಂಡ ಸೇರಿದೆ. ಮಳೆ ಗಾಳಿ ಬಂದಾಗ ಬಿದ್ದ ಮರ ಕಡಿಯುವುದು, ಮಾಡಿಗೆ ತಾಡಪತ್ರಿ ಕಟ್ಟುವುದು, ನೆರೆ ಬಂದರೆ ಮನೆಮನೆಗೆ ಹೋಗಿ ಜನರನ್ನು ಹೊರಡಿಸುವುದು ನಮ್ಮ ಕೆಲಸ. ಹೇಮಲತಾಳನ್ನು ತಂಡಕ್ಕೆ ಕರೆತಂದವನು ನಾನೇ. ತುಮಕೂರಿನವಳು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಎರಡು ಮಕ್ಕಳ ತಾಯಿ. ನನ್ನನ್ನು ಗೌರೀಶಣ್ಣ ಎನ್ನುತ್ತಿದ್ದಳು. ಇಲ್ಲಿ ಎಲ್ಲರಿಗೂ ನಾನು ಅಂಕಲ್, ಅವಳೊಬ್ಬಳಿಗೆ ಅಣ್ಣ.

ಮನೆ ನೋಡುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಬಾಗಿಲಿಗೆ ಹೋಗಿ ಮೂರು ಸಲ ತಟ್ಟಬೇಕು. ಕೂಗಬೇಕು. ಉತ್ತರ ಬಾರದಿದ್ದರೆ ಸುತ್ತಿ ಹಿಂದೆ ಹೋಗಿ ಕಿಟಕಿಯಲ್ಲಿ ಇಣುಕಬೇಕು. ಆಮೇಲೆ ಮಾತ್ರ ಹಾಳೆಯಲ್ಲಿ ಟಿಕ್. ಆ ಹಾಳೆ ನೋಡಿಕೊಂಡೇ ಡೆಬ್ರಾ ಶೆಡ್ಡಿನಲ್ಲಿ ಕೂತು ಯಾವ ಬೀದಿಗೆ ದೋಣಿ ಕಳಿಸಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುವುದು. ಒಂದು ಟಿಕ್ ಬಿದ್ದ ಮನೆಗೆ ಮತ್ತೆ ಯಾರೂ ಹೋಗುವುದಿಲ್ಲ.

ನನ್ನದು ಬೇರೆ ಒಂದು ವಿದ್ಯೆ ಇತ್ತು. ಎರಡು ವರ್ಷದ ಹಿಂದಿನ ನೆರೆಯಲ್ಲಿ ಒಂದು ಮನೆಯವರು ಎಷ್ಟು ತಟ್ಟಿದರೂ ಬಾಗಿಲು ತೆಗೆದಿರಲಿಲ್ಲ. ಎಲ್ಲರೂ ಮುಂದೆ ಹೊರಟರು. ಬಾಗಿಲ ಹೊರಗೆ ಎರಡು ಜೊತೆ ಚಪ್ಪಲಿ ಇದ್ದದ್ದು ನನಗೆ ಕಂಡಿತು. ಜನ ಒಳಗಿದ್ದಾರೆ, ನಮ್ಮ ಯೂನಿಫಾರ್ಮ್ ನೋಡಿ ಪೊಲೀಸರೆಂದು ಹೆದರಿದ್ದಾರೆ ಎಂದೆ. ಹಿಂದಿಯಲ್ಲಿ ಕರೆದ ಮೇಲೆ ಅಜ್ಜ ಅಜ್ಜಿ ಇಬ್ಬರೂ ಹೊರಗೆ ಬಂದರು. ಡೆಬ್ರಾ ಅದನ್ನು ಮೀಟಿಂಗಿನಲ್ಲಿ ಎಲ್ಲರಿಗೂ ಹೇಳಿದಳು. ಆಮೇಲೆ ನಮ್ಮವರಿರುವ ಬೀದಿಗಳೆಲ್ಲ ನನಗೇ. ನಾನೂ ಉಬ್ಬಿದೆ. ಚಪ್ಪಲಿ ಇದ್ದರೆ ಜನ ಇದ್ದಾರೆ, ಚಪ್ಪಲಿ ಇಲ್ಲದಿದ್ದರೆ ಇಲ್ಲ. ಬಾಗಿಲವರೆಗೆ ಹೋಗುವುದನ್ನೇ ಬಿಟ್ಟೆ.

ಆ ದಿನ ಮಧ್ಯಾಹ್ನ ಎರಡು ಗಂಟೆಗೆ ಗೌತಮನ ಫೋನ್ ಬಂತು. ಕೆಲಸ ಬದಲಾಗಿ ಅವನು ಮೆಲ್ಬರ್ನಿಗೆ ಹೋಗಿ ಮೂರು ವಾರವಾಗಿತ್ತು. ಅಲ್ಲಿನ ಕ್ರೇಗಿಬರ್ನ್‌ನಲ್ಲಿ ಮನೆ ಸಿಕ್ಕಿದ ಮೇಲೆ ತಾಯಿಯನ್ನು ಕರೆಸಿಕೊಳ್ಳುವವನಿದ್ದ. ಅಷ್ಟರವರೆಗೆ ವಸಂತಮ್ಮ ಟೂಂಗಾಬಿಯಲ್ಲಿ, ಒಂದು ದೊಡ್ಡ ಮನೆಯ ಹಿತ್ತಿಲಿನಲ್ಲಿ ಕಟ್ಟಿದ ಪುಟ್ಟ ಬಾಡಿಗೆ ಮನೆಯಲ್ಲಿದ್ದರು, ಇಲ್ಲಿ ಅದಕ್ಕೆ ಗ್ರ್ಯಾನಿ ಫ್ಲ್ಯಾಟ್ ಎನ್ನುತ್ತಾರೆ. ಅಮ್ಮ ಫೋನ್ ಎತ್ತುತ್ತಿಲ್ಲ, ಒಮ್ಮೆ ನೋಡಿ ಅಂಕಲ್ ಎಂದ. ನಾವು ಹೇಗೂ ಆ ಬೀದಿಗೇ ಹೊರಟಿದ್ದೆವು.

ಮಳೆಗೆ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ನೀರು ಇನ್ನೂ ಬೀದಿಗೆ ಬಂದಿರಲಿಲ್ಲ, ಆದರೆ ಹಿತ್ತಿಲುಗಳ ಹಿಂದಿನ ಹಳ್ಳ, ಇಲ್ಲಿಯವರ ಕ್ರೀಕು, ಏರುವ ರೀತಿ ನೋಡಿ ನನಗೆ ಅವಸರವಾಗಿತ್ತು. ವಸಂತಮ್ಮನ ಫ್ಲ್ಯಾಟಿನ ಮುಂದಿರುವ ದೊಡ್ಡ ಮನೆಗೆ ಬೀಗ. ಪಕ್ಕದ ಗೇಟಿನಿಂದ ಹಿತ್ತಿಲಿನ ಬಾಗಿಲು ಕಾಣುತ್ತಿತ್ತು. ಹೊರಗೆ ಚಪ್ಪಲಿ ಇರಲಿಲ್ಲ. "ವಸಂತಮ್ಮಾ" ಎಂದು ಒಂದು ಸಲ ಕೂಗಿದೆ. ತಗಡಿನ ಮಾಡಿನ ಮೇಲೆ ಬೀಳುವ ಮಳೆಯಲ್ಲಿ ಆ ಕೂಗು ನನಗೇ ಕೇಳಿಸಲಿಲ್ಲ.

"ಅಣ್ಣಾ, ಹಿಂದೆ ಹೋಗಿ ಒಂದ್ಸಲ ನೋಡ್ಕೊಂಡು ಬರ್ತೀನಿ," ಎಂದಳು ಹೇಮಲತಾ.

"ನನಗೆ ಕಲಿಸಬೇಡ. ಚಪ್ಪಲಿ ಇಲ್ಲ ಅಂದ್ರೆ ಜನ ಇಲ್ಲ. ಬರಿ," ಎಂದು ಗದರಿದೆ.

ಅವಳು ಬರೆದಳು. ಗಂಟೆ ಎರಡೂವರೆ. ಗೌತಮನಿಗೆ ಫೋನ್ ಮಾಡಿ, ನಮ್ಮವರು ನೋಡಿದ್ದಾರೆ, ಅಮ್ಮ ಮನೆಯಲ್ಲಿಲ್ಲ, ಅಕ್ಕಪಕ್ಕದವರ ಜೊತೆ ಶಾಲೆಗೆ ಹೋಗಿರುತ್ತಾರೆ ಎಂದೆ. ನೆರೆಗೆ ಮನೆ ಬಿಟ್ಟವರಿಗೆಲ್ಲ ಅಲ್ಲಿನ ಶಾಲೆಯಲ್ಲಿ ಜಾಗ ಮಾಡಿದ್ದರು. ನಮ್ಮವರು ಎಂದೆ, ನಾನು ಎನ್ನಲಿಲ್ಲ. ಅವನು ನಂಬಿ, ಬೇರೆಯವರಿಗೆ ಫೋನ್ ಮಾಡುವುದನ್ನು ನಿಲ್ಲಿಸಿದ. ಮೂರೂಕಾಲಿಗೆ ಕ್ರೀಕು ಆ ಹಿತ್ತಿಲಿಗೆ ನುಗ್ಗಿತು. ಆ ಬೀದಿಗೆ ದೋಣಿ ಹೋಗಲಿಲ್ಲ. ಹಾಳೆಯಲ್ಲಿ ಎಲ್ಲ ಮನೆಗೂ ಟಿಕ್ ಇತ್ತು.

ಮರುದಿನ ನೀರು ಇಳಿದ ಮೇಲೆ ಮುಂದಿನ ದೊಡ್ಡ ಮನೆಯವರು ಬಂದು ಬಾಗಿಲು ಒಡೆದು ನೋಡಿದರು.

ಇದಿಷ್ಟನ್ನೂ ಹದಿನೆಂಟು ದಿನದಿಂದ ಯಾರಿಗೂ ಹೇಳಿರಲಿಲ್ಲ. ಹೇಳಿಬಿಟ್ಟರೆ ನನ್ನನ್ನು ತಂಡದಿಂದ ತೆಗೆಯುತ್ತಾರೆ, ವಿಚಾರಣೆಗೆ ಕರೆಯುತ್ತಾರೆ, ದೇವಸ್ಥಾನಕ್ಕೆ ಹೋದರೆ ಜನ ಮುಖ ತಿರುಗಿಸುತ್ತಾರೆ. ಹೇಳದಿದ್ದರೆ ಹಾಳೆಯ ಮೇಲಿರುವುದು ಹೇಮಲತಾಳ ಸೈನು. ಹೇಳಬೇಕೆಂದು ದಿನಾ ಬೆಳಗ್ಗೆ ಅಂದುಕೊಳ್ಳುತ್ತಿದ್ದೆ. ದಿನಾ ಬಸ್ ಹತ್ತುತ್ತಿದ್ದೆ.

ಡೆಬ್ರಾ ಈಗ ಹೇಮಲತಾಳನ್ನು ನೇರವಾಗಿ ಕೇಳಿದಳು. ಟಿಕ್ ಹಾಕಲು ಯಾರಾದರೂ ಹೇಳಿದರೇ? ಹೇಮಲತಾ ನನ್ನ ಕಡೆ ನೋಡಲೇ ಇಲ್ಲ. ಬರೆದವಳು ನಾನು ಎಂದಳು. ಅಣ್ಣ ಎಂದು ಕರೆದವನ ಹೆಸರು ಅವಳ ಬಾಯಿಂದ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸುಮ್ಮನಿದ್ದೆ.

ಆಗ ಗೌತಮ್ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟ. ಪೊಲೀಸರು ಹಿಂದಿರುಗಿಸಿದ ಸಾಮಾನು. ಒಳಗೆ ಒಂದು ಜೊತೆ ಕಂದು ಬಣ್ಣದ ಚಪ್ಪಲಿ, ಪಟ್ಟಿಯಲ್ಲಿ ಇನ್ನೂ ಕೆಸರು.

"ಇದು ಅಮ್ಮನ ಕಾಲಲ್ಲಿತ್ತಂತೆ," ಎಂದ. "ಮನೆ ಒಳಗೆ. ಅಡುಗೆಮನೇಲಿ. ನಾನು ಶೂ ಹಾಕ್ಕೊಂಡು ಹೊಸಿಲು ದಾಟಿದ್ರೆ ವಾರವಿಡೀ ಬೈತಿದ್ಲು. ಅವಳು ಒಳಗೆ ಚಪ್ಪಲಿ ಯಾಕೆ ಹಾಕ್ಕೊಂಡಿದ್ಲು? ಇದೊಂದು ಯಾರಾದ್ರೂ ಹೇಳಿ ನನಗೆ."

ನನಗೆ ಗೊತ್ತಿತ್ತು. ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ನೆರೆಗೆ ಎರಡು ತಿಂಗಳ ಮುಂಚೆ ದೇವಸ್ಥಾನದ ಹಾಲ್‌ನಲ್ಲಿ ನಮ್ಮವರನ್ನೆಲ್ಲ ಕೂರಿಸಿ ಕನ್ನಡದಲ್ಲಿ ಹೇಳಿಕೊಟ್ಟವನು ನಾನು. ಔಷಧಿ, ಪಾಸ್‌ಪೋರ್ಟು ಒಂದು ಚೀಲದಲ್ಲಿರಲಿ. ನೆರೆನೀರಿಗೆ ಬರಿಗಾಲಲ್ಲಿ ಇಳಿಯಬೇಡಿ, ಗಾಜಿರುತ್ತದೆ, ಹಾವಿರುತ್ತದೆ. ಮಳೆ ಜೋರಾದರೆ ಚಪ್ಪಲಿ ಒಳಗೆ ತಂದು ಕಾಲಿಗೆ ಹಾಕಿಕೊಂಡೇ ಇರಿ. ಮುಂದಿನ ಸಾಲಿನಲ್ಲಿ ಕೂತಿದ್ದ ವಸಂತಮ್ಮ ನಕ್ಕಿದ್ದರು. ದೇವರಿರೋ ಮನೆಯೊಳಗೆ ಚಪ್ಪಲಿನಾ ಗೌರೀಶಪ್ಪಾ ಎಂದಿದ್ದರು. ಕಾಲಿಗೆ ಗಾಜು ಹೊಕ್ಕರೆ ದೇವರು ಬಂದು ತೆಗೀತಾನಾ ಅಮ್ಮಾ ಎಂದು ನಾನು ರೇಗಿದ್ದೆ. ಎಲ್ಲರೂ ನಕ್ಕರು. ಅವರೂ ಮತ್ತೆ ನಕ್ಕು, ಆಯ್ತಪ್ಪಾ ಹಾಕ್ಕೋತೀನಿ ಎಂದಿದ್ದರು.

ಹಾಕಿಕೊಂಡಿದ್ದರು. ಔಷಧಿಯ ಚೀಲ ಕಟ್ಟಿಕೊಂಡು, ಚಪ್ಪಲಿ ಹಾಕಿಕೊಂಡು, ನಾವು ಬಂದು ಬಾಗಿಲು ತಟ್ಟುತ್ತೇವೆಂದು ಒಳಗೆ ಕಾದಿದ್ದರು. ಫೋನೂ ಪೊಲೀಸರಿಗೆ ಆ ಚೀಲದ ಅಡಿಯಲ್ಲೇ ಸಿಕ್ಕಿತ್ತು, ಮಳೆಯಲ್ಲಿ ಅದರ ರಿಂಗು ಕೇಳಿಸಿರಲಿಕ್ಕಿಲ್ಲ.

ಕಿಟಕಿಯಿಂದ ಮೇಜಿನ ಹತ್ತಿರ ಬಂದೆ. ಮೊದಲು ನನ್ನ ಹರಕು ಇಂಗ್ಲಿಷಿನಲ್ಲಿ ಡೆಬ್ರಾಳಿಗೆ ಹೇಳಿದೆ. ಆಮೇಲೆ ಗೌತಮನ ಎದುರು ನಿಂತು ಕನ್ನಡದಲ್ಲಿ ಹೇಳಿದೆ. ಬಾಗಿಲಿಗೆ ಹೋದವನೇ ಅಲ್ಲ ನಾನು. ಗೇಟಿನಲ್ಲಿ ನಿಂತು ನೋಡಿದೆ. ಚಪ್ಪಲಿ ಕಾಣಲಿಲ್ಲ. ಹಿಂದೆ ಹೋಗುತ್ತೇನೆ ಎಂದವಳನ್ನು ಬೈದು ಬರೆಸಿದೆ. ಚಪ್ಪಲಿ ಒಳಗಿಟ್ಟುಕೊಳ್ಳಿ ಎಂದು ನಿನ್ನ ತಾಯಿಗೆ ಹೇಳಿಕೊಟ್ಟವನೂ ನಾನೇ.

ಗೌತಮ್ ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದು ನಿಂತಿದ್ದೆ. ಅವನು ಕುರ್ಚಿಯಲ್ಲಿ ಕುಸಿದು, ಚೀಲದ ಮೇಲೆ ಕೈಯಿಟ್ಟ.

"ಎಷ್ಟು ಹೊತ್ತು ಕಾದಿರ್ಬಹುದು ಅಂಕಲ್?"

"ನಾವು ಗೇಟಿನಿಂದ ಹೋದ ಮೇಲೆ ಮುಕ್ಕಾಲು ಗಂಟೆ," ಅಂದೆ. ಸುಳ್ಳು ಹೇಳಲು ಇನ್ನು ಶಕ್ತಿ ಇರಲಿಲ್ಲ.

ಡೆಬ್ರಾ ಬರೆದುಕೊಳ್ಳುವುದನ್ನು ನಿಲ್ಲಿಸಿದಳು. ಹೇಮಲತಾ ಎದ್ದು ನಿಂತಳು. ತಂಡದ ಕಿತ್ತಳೆ ಬಣ್ಣದ ಜಾಕೆಟ್ಟಿನ ಜಿಪ್ ಎಳೆದು ಬಿಚ್ಚಿದಳು. ಅದನ್ನು ತೋಳಿಗೆ ತೋಳು ಸೇರಿಸಿ ಮಡಚಿ ಮೇಜಿನ ಮೇಲಿಟ್ಟಳು, ಪೆನ್ನನ್ನೂ ಇಟ್ಟಳು.

"ಹೇಮಾ," ಅಂದೆ.

"ಹದಿನೆಂಟು ದಿನ ಅಣ್ಣಾ," ಎಂದಳು. "ಹಿಂದೆ ಹೋಗಿ ನೋಡ್ಬೇಕಿತ್ತು, ನಿಮ್ಮ ಮಾತು ಮೀರ್ಬೇಕಿತ್ತು ಅಂತ ಒಂದು ರಾತ್ರಿ ನಿದ್ದೆ ಮಾಡಿಲ್ಲ ನಾನು. ಒಂದು ಫೋನ್ ಮಾಡ್ಲಿಲ್ಲ ನೀವು."

ಅವಳು ಗೌತಮನ ಹತ್ತಿರ ಹೋಗಿ ಒಂದು ಗಳಿಗೆ ನಿಂತಳು. ಅವನ ಹೆಗಲು ಮುಟ್ಟಲು ಕೈ ಎತ್ತಿ, ಮುಟ್ಟದೆ ಇಳಿಸಿದಳು. ಕಾರಿನ ಕೀ ತೆಗೆದುಕೊಂಡು ಬಾಗಿಲು ದಾಟಿದಳು.

ತಂಡದ ಸೋಮವಾರದ ಅಭ್ಯಾಸದ ಹೊತ್ತಿಗೂ ಆ ಜಾಕೆಟ್ಟು ಮೇಜಿನ ಮೇಲೇ ಇತ್ತು, ಯಾರೂ ಎತ್ತಿ ಗೂಟಕ್ಕೆ ಹಾಕಿರಲಿಲ್ಲ. ಅವಳು ಮತ್ತೆ ಬರಲಿಲ್ಲ.