ಅಮಾವಾಸ್ಯೆಯ ಬಲೆ

ಯಾರೋ ಬಾಗಿಲನ್ನು ಮೂರು ಸಲ ಬಡಿದರು.

ಭರಮಮ್ಮ ಕಂದೀಲಿನ ಬತ್ತಿ ಏರಿಸಿ ಚಿಲಕ ತೆಗೆದಳು. ಹೊಸ್ತಿಲಾಚೆ ಹುಸೇನಮ್ಮ ನಿಂತಿದ್ದಳು. ಸೀರೆ ಮೊಣಕಾಲಿನ ತನಕ ತೊಯ್ದಿತ್ತು, ಉಸಿರು ಏರಿಳಿಯುತ್ತಿತ್ತು. ಮುಖದಲ್ಲಿ ಮಾತ್ರ ಗಾಬರಿಯ ಗೆರೆಯೂ ಇರಲಿಲ್ಲ.

“ಚಪ್ಲಿ ಮೆಟ್ಕೊಂಡು ಬರ್ರಿ, ಅಕ್ಕಾರ.”

“ಏನಾತು?”

“ನೋಡಿದ ಮ್ಯಾಲ ಕೇಳ್ರಿ.”

ಬೆಳಗಿನ ಜಾವದ ನಾಲ್ಕು ಗಂಟೆ. ಎಳ್ಳಮಾವಾಸ್ಯೆಯ ಮುಂದಿನ ತಿಂಗಳು ಬರುವ ಅವರಾತ್ರಿ ಅಮಾವಾಸ್ಯೆಯ ಕತ್ತಲಲ್ಲಿ ನೀರು ಯಾವುದು, ದಡ ಯಾವುದು ಎಂಬುದು ತಿಳಿಯುತ್ತಿರಲಿಲ್ಲ. ಮುಂದೆ ನಡೆಯುತ್ತಿದ್ದವಳು ತುಂಗಭದ್ರೆಯ ಹಿನ್ನೀರಿನ ದಡದ ಬೆಸ್ತರ ಕ್ಯಾಂಪಿನವಳು. ಕಂದೀಲು ಹಿಡಿದು ಹಿಂಬಾಲಿಸುತ್ತಿದ್ದವಳು ಅಲ್ಲಿನ ಬೋಟ್ ಕಟ್ಟೆಗೆ ನೇಮಕವಾಗಿದ್ದ ಆರೋಗ್ಯ ನಿರೀಕ್ಷಕಿ. ಇನ್ನು ಏಳು ತಾಸಿನಲ್ಲಿ ಕಟ್ಟೆಯ ಸಮಿತಿ ಸೇರಲಿತ್ತು. ಆ ಸಭೆಯಲ್ಲಿ ಭರಮಮ್ಮ ಒಂದು ಕಾಗದಕ್ಕೆ ಸಹಿ ಹಾಕಿದರೆ ಕ್ಯಾಂಪಿನ ನಲವತ್ತೆರಡು ಗುಡಿಸಲುಗಳು ದಡದಿಂದ ಏಳಬೇಕಿತ್ತು.

ಕಾಗದದಲ್ಲಿದ್ದ ಆರೋಪ ಸರಳವಾಗಿತ್ತು: ಬೆಸ್ತರು ನೀರನ್ನು ಹೊಲಸು ಮಾಡುತ್ತಿದ್ದಾರೆ.

ಬೋಟ್ ಕಟ್ಟೆ ಕಟ್ಟಿ ಆಗ ಎರಡು ವರ್ಷವಾಗಿತ್ತು. ೧೯೮೫ರಲ್ಲಿ ಅದು ಶುರುವಾದಾಗಿನಿಂದ ಹಂಪಿಗೆ ಬಂದ ಪ್ರವಾಸಿಗರೂ, ಭಾನುವಾರಗಳಂದು ದೋಣಿಮಲೈಯ ಗಣಿ ಕ್ವಾರ್ಟರ್ಸಿನ ಸಂಸಾರಗಳೂ ಹೊಸಪೇಟೆಯ ಮೇಲೆ ಹಾದು ಅಲ್ಲಿಗೆ ಬರುತ್ತಿದ್ದರು. ಮೂರು ಲಾಂಚುಗಳಿದ್ದವು. ಮೂರರಲ್ಲೂ ಪಾಯಿಖಾನೆ, ಅದರ ಕೆಳಗೊಂದು ತಗಡಿನ ಟ್ಯಾಂಕು. ಟ್ಯಾಂಕಿನ ಹೊಲಸನ್ನು ನೀರಿಗೆ ಬಿಡಕೂಡದು. ಲಾಂಚು ದಡ ಸೇರಿದೊಡನೆ ಪಂಪು ಹಚ್ಚಿ ಕಟ್ಟೆಯ ಹಿಂದಿನ ಸಿಮೆಂಟಿನ ಗುಂಡಿಗೆ ಸುರಿಯಬೇಕು. ಗುಂಡಿ ತುಂಬಿದಾಗ ಟ್ರ್ಯಾಕ್ಟರು ಕರೆಸಿ ದೂರದ ಹೊಲಗಳಿಗೆ ಸಾಗಿಸಬೇಕು. ಇದು ನಿಯಮ. ಬರೆದವನು ಕಟ್ಟೆಯ ಮೇಲ್ವಿಚಾರಕ ಜಂಬಯ್ಯ. ಕ್ಯಾಂಪಿನಲ್ಲಿ ಹುಟ್ಟಿ, ಹರಿಗೋಲಿನಲ್ಲಿ ಶಾಲೆಗೆ ಹೋಗಿ, ಅಲ್ಲಿನವರಲ್ಲಿ ಮೊದಲಿಗನಾಗಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಹುಸೇನಮ್ಮನ ಒಡಹುಟ್ಟಿದ ಅಣ್ಣ. ಅವನ ನಿಯಮವನ್ನು ನೋಡಲು ಬೇರೆ ಜಲಾಶಯಗಳ ಅಧಿಕಾರಿಗಳೂ ಬಂದು ಹೋಗಿದ್ದರು. ದೀಪಾವಳಿಯಿಂದ ಈಚೆಗೆ ಗುಂಡಿ ತುಂಬಿದ್ದೇ ಇಲ್ಲ, ಟ್ರ್ಯಾಕ್ಟರು ಕರೆಸುವ ಪ್ರಮೇಯವೇ ಬಂದಿಲ್ಲ, ತಳದ ಮಣ್ಣು ಅಷ್ಟು ಚೆನ್ನಾಗಿ ಹೀರುತ್ತದೆ ಎಂದು ಎಲ್ಲರೂ ಹೆಮ್ಮೆ ಪಡುತ್ತಿದ್ದರು.

ಈ ನಿಯಮವನ್ನು ಬಹಿರಂಗವಾಗಿ ಹಳಿಯುತ್ತಿದ್ದವನು ಒಬ್ಬನೇ: ದೊಡ್ಡ ಲಾಂಚಿನ ಮಾಲೀಕ ಎರ್ರಿಯಪ್ಪ. ಇಷ್ಟು ದೊಡ್ಡ ಡ್ಯಾಮಿಗೆ ಒಂದು ಚರಿಗೆ ಹೊಲಸು ಬಿದ್ದರೆ ಏನು ಮುಳುಗುತ್ತದೆ ಎಂದು ಅವನು ಸಭೆಯಲ್ಲೇ ಕೇಳಿದ್ದುಂಟು.

ಹೀಗಿರುವಾಗ ನೀರು ಕೆಟ್ಟಿತು. ಹತ್ತಿರದ ಊರಿಗೆ ಕುಡಿಯುವ ನೀರೆತ್ತುವ ಪಂಪ್‌ಹೌಸಿನ ಬಳಿ ಭರಮಮ್ಮ ವಾರಕ್ಕೆರಡು ಸಲ ಬಾಟಲಿ ತುಂಬಿ ಪರೀಕ್ಷೆಗೆ ಕಳಿಸುತ್ತಿದ್ದಳು. ಮೂರು ಬಾಟಲಿಗಳು ಕೆಟ್ಟ ವರದಿ ತಂದವು. ಒಂದು ದೀಪಾವಳಿ ಅಮಾವಾಸ್ಯೆಯ ಮಾರನೆಯ ದಿನದ್ದು, ಒಂದು ಛಟ್ಟಿ ಅಮಾವಾಸ್ಯೆಯ ಮಾರನೆಯ ದಿನದ್ದು, ಇನ್ನೊಂದು ಎಳ್ಳಮಾವಾಸ್ಯೆಯ ಮಾರನೆಯ ದಿನದ್ದು. ಸಮಿತಿಗೆ ಇಷ್ಟು ಸಾಕಾಯಿತು. ಅಮಾವಾಸ್ಯೆಯೆಂದರೆ ಬೆಸ್ತರಿಗೆ ನೀರಿನ ತಾಯಿ ಗಂಗವ್ವನ ದಿನ. ಆ ರಾತ್ರಿ ಇಡೀ ಕ್ಯಾಂಪು ದಡದಲ್ಲಿ ಸೇರಿ ಪೂಜೆ ಮಾಡಿ, ಎಡೆ ಹಿಡಿದು, ಉಂಡು, ಅಲ್ಲೇ ಮಲಗುತ್ತದೆ. ಅಷ್ಟು ಜನ ದಡದಲ್ಲಿದ್ದ ಮೇಲೆ ನೀರು ಕೆಡದೆ ಇದ್ದೀತೆ?

ಭರಮಮ್ಮನಿಗೆ ಮಾತ್ರ ಆ ಲೆಕ್ಕ ಒಗ್ಗಲಿಲ್ಲ. ವರದಿಯಲ್ಲಿದ್ದ ಹೊಲಸಿನ ಪ್ರಮಾಣ ಒಂದು ರಾತ್ರಿಯ ಜಾತ್ರೆಯದಾಗಿರಲಿಲ್ಲ, ಟ್ಯಾಂಕುಗಟ್ಟಲೆ ಸುರಿದದ್ದಾಗಿತ್ತು. ಯಾವುದೋ ಒಂದು ಲಾಂಚು ಕತ್ತಲಲ್ಲಿ ನಡುನೀರಿಗೆ ಹೋಗಿ ಟ್ಯಾಂಕು ತೆರೆಯುತ್ತಿದೆ ಎಂದು ಅವಳು ಊಹಿಸಿದಳು. ಯಾವುದು? ಕಂಪ್ಲಿಯಲ್ಲಿ ಅವಳ ಸೋದರಮಾವ ಮದುವೆಯ ಬಾಸಿಂಗ ಕಟ್ಟುವವನು. ಜೋಳದ ದಂಟಿನ ಬೆಂಡನ್ನು ಕಾಳಿನ ಗಾತ್ರಕ್ಕೆ ಕತ್ತರಿಸಿ, ನೀರಿಗೆ ಬಿಡದ ಎಣ್ಣೆಬಣ್ಣ ಹಚ್ಚಿ ಮೂರು ಚೀಲ ಮಾಡಿಕೊಡು ಎಂದು ಅವಳು ಕೇಳಿದಾಗ, ಯಾವ ಹುಡುಗ ಗೊತ್ತಾದ ಎಂದು ಆತ ಮನೆಯವರೆಲ್ಲರ ಮುಂದೆ ಚೇಷ್ಟೆ ಮಾಡಿದ್ದ. ಹತ್ತು ದಿನಗಳ ಹಿಂದೆ ಟ್ಯಾಂಕುಗಳ ತಪಾಸಣೆಯ ನೆಪದಲ್ಲಿ ಅವಳು ಒಂದೊಂದು ಲಾಂಚಿನ ಟ್ಯಾಂಕಿಗೆ ಒಂದೊಂದು ಬಣ್ಣ ಸುರಿದಳು. ಎರ್ರಿಯಪ್ಪನ ಲಾಂಚಿಗೆ ಕೆಂಪು; ಉಳಿದೆರಡಕ್ಕೆ ಹಳದಿ ಮತ್ತು ಹಸಿರು. ಬೆಂಡು ಮುಳುಗುವುದಿಲ್ಲ. ಹೊಲಸು ಎಲ್ಲಿ ಹೋದರೆ ಅಲ್ಲಿ ತೇಲುತ್ತದೆ.

ಆದರೆ ತೇಲಿದ್ದನ್ನು ಹಿಡಿಯಲು ಬಲೆ ಬೇಕು, ಅದೂ ಅಮಾವಾಸ್ಯೆಯ ರಾತ್ರಿ. ಅಂದು ಗಂಗವ್ವನಿಗೆ ವಿಶ್ರಾಂತಿ; ಕ್ಯಾಂಪಿನವರು ಬಲೆ ಬಿಡುವುದಿಲ್ಲ, ಹೊರಗಿನವರಿಗೆ ಅದು ತಿಳಿಯದು. ಭರಮಮ್ಮ ಹೇಳಿದ ಈ ಮಾತನ್ನು ಹುಸೇನಮ್ಮ ಕ್ಯಾಂಪಿನ ಹಿರಿಯಳು ದುರ್ಗಕ್ಕನ ಮುಂದಿಟ್ಟಳು. ಮುದುಕಿ ಬಹಳ ಹೊತ್ತು ಎಲೆ ಅಡಿಕೆ ಜಗಿದಳು. ಅವಳ ಎಂಬತ್ತು ವರ್ಷಗಳಲ್ಲಿ ಅಂದು ನೀರಿಗೆ ಬಲೆ ಇಳಿದದ್ದಿಲ್ಲ. ಕೊನೆಗೆ ಉಗುಳಿ ಹೇಳಿದಳು:

“ಗಂಗವ್ವನ ಮೈ ಹೊಲಸು ಮಾಡಾವನ್ನ ಹಿಡಿಯಾಕ ಗಂಗವ್ವನ್ನ ಏನ್ ಕೇಳ್ತಿ? ಬಿಡ ಬಲಿ. ಸಿಟ್ಟಾದ್ರ ನನಗ ಆಗ್ಲಿ, ಹೆಂಗೂ ಹೊಂಟಾಕಿ ನಾನು.”

ವಿಷಯ ಆ ಮೂವರು ಹೆಂಗಸರಲ್ಲೇ ಉಳಿಯಿತು. ಅಣ್ಣನಿಗೂ ಹೇಳುವುದು ಬೇಡ, ಅವನು ಎಲ್ಲದಕ್ಕೂ ನಿಯಮ ಹುಡುಕುತ್ತಾನೆ ಎಂದು ಹುಸೇನಮ್ಮನೇ ಅಂದಿದ್ದಳು.

ಈಗ ದಡದಲ್ಲಿ ಆ ಬಲೆ ಹರಡಿಕೊಂಡಿತ್ತು. ಸಣ್ಣ ಕಣ್ಣಿನ ಸೀಗಡಿ ಬಲೆ. ಭರಮಮ್ಮ ಕಂದೀಲನ್ನು ಕೆಳಗೆ ಹಿಡಿದಳು. ಮೊದಲು ಕಂಡದ್ದು ಕೆಂಪು. ಎರ್ರಿಯಪ್ಪ, ಎಂದುಕೊಂಡಳು.

“ಪೂರಾ ನೋಡ್ರಿ,” ಎಂದಳು ಹುಸೇನಮ್ಮ.

ಕೆಂಪಿನ ಪಕ್ಕದಲ್ಲೇ ಹಳದಿ. ಹಳದಿಯ ಪಕ್ಕದಲ್ಲಿ ಹಸಿರು. ಬಲೆಯ ತುಂಬ ಮೂರು ಬಣ್ಣಗಳೂ ಬೆರೆತು ಅಂಟಿಕೊಂಡಿದ್ದವು.

ಭರಮಮ್ಮ ಕಂದೀಲನ್ನು ಬಲೆಯ ಉದ್ದಕ್ಕೂ ಹಿಡಿದು ನೋಡಿದಳು. ಮೂರು ಲಾಂಚುಗಳೂ ಒಟ್ಟಿಗೆ ಕಳ್ಳತನ ಮಾಡಿದವೆ? ಸಾಧ್ಯವಿರಲಿಲ್ಲ, ಇಂದು ರಾತ್ರಿ ಮೂರೂ ಸರಪಳಿ ಹಾಕಿಕೊಂಡು ಕಟ್ಟೆಯಲ್ಲೇ ನಿಂತಿದ್ದವು. ಹಾಗಾದರೆ ಮೂರು ಬಣ್ಣ ಬೆರೆಯುವ ಜಾಗ ಯಾವುದು?

ಇಬ್ಬರೂ ಒಂದೇ ಗಳಿಗೆಯಲ್ಲಿ ತಲೆಯೆತ್ತಿ ಕಟ್ಟೆಯ ಹಿಂಭಾಗದ ಗುಂಡಿಯತ್ತ ನೋಡಿದರು.

ಗುಂಡಿಯ ತಳದಲ್ಲಿ ಒಂದು ಹಳೆಯ ಕೊಳವೆಯಿತ್ತು. ಕಟ್ಟುವಾಗ ಮಳೆನೀರು ಹೊರಹೋಗಲೆಂದು ಇಟ್ಟದ್ದು. ಒಂದು ಕಬ್ಬಿಣದ ಚಕ್ರವನ್ನು ಈ ಕಡೆ ತಿರುಗಿಸಿದರೆ ತೆರೆಯುತ್ತದೆ, ಆ ಕಡೆ ತಿರುಗಿಸಿದರೆ ಮುಚ್ಚುತ್ತದೆ. ಅದರ ಇನ್ನೊಂದು ಬಾಯಿ ಜಲಾಶಯದ ದಡದ ಕಲ್ಲುಗಳ ನಡುವೆ. ಅವರು ಅಲ್ಲಿಗೆ ಹೋದಾಗ ಕೊಳವೆಯ ಬಾಯಿ ಇನ್ನೂ ಹಸಿಯಾಗಿತ್ತು. ಚಕ್ರಕ್ಕೆ ಹಿಡಿ ಇರಲಿಲ್ಲ. ಹಿಡಿ ಇರುವುದು ಕಚೇರಿಯ ಬೀರುವಿನಲ್ಲಿ.

ಹುಸೇನಮ್ಮ ಕಲ್ಲಿನ ಮೇಲೆ ಕೈಯೂರಿ ನಿಂತವಳು ಹಾಗೇ ನಿಂತಳು. ಏನಾಯಿತೆಂದು ಭರಮಮ್ಮ ಕೇಳಿದಳು.

“ಏನಿಲ್ರಿ,” ಎಂದಳು. ಆಮೇಲೆ ದಡಕ್ಕೆ ಮರಳಿ ಬಲೆಯನ್ನು ಮಡಚಿ ಬುಟ್ಟಿಗೆ ತುಂಬತೊಡಗಿದಳು.

ಹನ್ನೊಂದಕ್ಕೆ ಸಭೆ. ತಗಡಿನ ಚಾವಣಿಯ ಕಚೇರಿಯಲ್ಲಿ ಸಮಿತಿಯ ಅಧ್ಯಕ್ಷರು ನಡುವೆ ಕುಳಿತರು. ಎಡಕ್ಕೆ ಎರ್ರಿಯಪ್ಪ, ಬಲಕ್ಕೆ ಜಂಬಯ್ಯ, ಬಾಗಿಲಲ್ಲಿ ಪಂಪು ನಡೆಸುವ ಗವಿಸಿದ್ದಪ್ಪ. ಹೊರಗೆ ಬೇವಿನ ಮರದಡಿ ಇಡೀ ಕ್ಯಾಂಪು ನೆರೆದಿತ್ತು. ಜಂಬಯ್ಯ ಠರಾವು ಓದಿದ. ತನ್ನವರನ್ನೇ ಎಬ್ಬಿಸುವ ಠರಾವು ಓದುವಾಗ ಅವನ ದನಿ ನಡುಗಿತು. ಪಾಪ, ಕರ್ತವ್ಯ ಎಂದು ಹಲವರು ಮರುಗಿದರು. ಅಧ್ಯಕ್ಷರು ಪೆನ್ನನ್ನು ಭರಮಮ್ಮನ ಕಡೆಗೆ ಚಾಚಿದರು.

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಹುಸೇನಮ್ಮ ತಂದ ಬುಟ್ಟಿಯನ್ನು ಮೇಜಿನ ಮೇಲೆ ಸುರಿದಳು. ಒದ್ದೆ ಬಲೆ, ಅದರ ತುಂಬ ಮೂರು ಬಣ್ಣ.

ಭರಮಮ್ಮ ಎಲ್ಲವನ್ನೂ ವಿವರಿಸಿ ಮುಗಿಸುವ ತನಕ ಅಧ್ಯಕ್ಷರು ಕನ್ನಡಕ ಒರೆಸುತ್ತಿದ್ದರು. ಬಳಿಕ ಕೇಳಿದರು: ಈ ಬೆಂಡನ್ನು ಇಂದು ಬೆಳಿಗ್ಗೆ ನೀವೇ ಬಲೆಗೆ ಸುರಿದಿಲ್ಲ ಎಂಬುದಕ್ಕೆ ಏನು ಸಾಕ್ಷಿ? ಎರ್ರಿಯಪ್ಪ ನಕ್ಕ. ಬಾಸಿಂಗದ ಬೆಂಡು ತಂದಾರ, ಇನ್ನ ಅಕ್ಷತಿ ಒಂದ ಕಡಿಮಿ ಎಂದ. ಒಂದಿಬ್ಬರು ನಗುವನ್ನು ತಡೆದುಕೊಂಡರು.

ಒಂಬತ್ತು ದಿನಗಳ ಹಿಂದೆ ತಾನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ ಲಕೋಟೆ ಅಧ್ಯಕ್ಷರ ಫೈಲಿನಲ್ಲೇ ಇರಬೇಕು, ಸಭೆಯ ದಿನ ಒಡೆಯಿರೆಂದು ಮೇಲೆ ಬರೆದಿದ್ದೆ ಎಂದು ಭರಮಮ್ಮ ತಿಳಿಸಿದಳು. ಅಧ್ಯಕ್ಷರು ಹುಡುಕಿ, ಅರಗಿನ ಮುದ್ರೆ ಒಡೆದರು. ಯಾವ ಲಾಂಚಿಗೆ ಯಾವ ಬಣ್ಣ, ಯಾವ ದಿನ ಎಂಬುದು ಅಲ್ಲಿತ್ತು. ಅಂಚೆಯ ಮುದ್ರೆಯ ತಾರೀಖನ್ನು ಅವರು ಎರಡು ಸಲ ಓದಿದರು.

“ಇನ್ನ ಗುಂಡಿ ನೋಡ್ರಿ ಸಾಹೇಬ್ರ,” ಎಂದಳು ಭರಮಮ್ಮ.

ಗವಿಸಿದ್ದಪ್ಪ ದಿನವೂ ಬಿದಿರು ಕೋಲು ಇಳಿಸಿ ಗುಂಡಿ ಅಳೆಯುತ್ತಿದ್ದ. ನಿನ್ನೆ ಸಂಜೆ ಎಷ್ಟಿತ್ತೆಂದು ಅಧ್ಯಕ್ಷರು ಕೇಳಿದರು. ಮುಕ್ಕಾಲು ತುಂಬಿತ್ತೆಂದು ಅವನು ಧೈರ್ಯವಾಗಿ ಹೇಳಿದ. ಎಲ್ಲರೂ ಹಿಂಭಾಗಕ್ಕೆ ನಡೆದರು. ಇಬ್ಬರು ಸೇರಿ ಚಪ್ಪಡಿ ಸರಿಸಿದರು.

ಗುಂಡಿ ಖಾಲಿಯಾಗಿತ್ತು. ಗೋಡೆಯ ಸುತ್ತ, ಮುಕ್ಕಾಲು ಎತ್ತರದಲ್ಲಿ, ಕೆಂಪು ಹಳದಿ ಹಸಿರಿನ ಬೆಂಡುಗಳು ಒಂದು ಹಾರದಂತೆ ಅಂಟಿಕೊಂಡಿದ್ದವು. ಒಂದೇ ರಾತ್ರಿಯಲ್ಲಿ ಯಾವ ಮಣ್ಣೂ ಅಷ್ಟು ಹೀರಲಾರದು. ಗವಿಸಿದ್ದಪ್ಪ ಕೋಲನ್ನು ತಳಕ್ಕೆ ಇಳಿಸಿದ. ಅದು ತಳದ ಬರಿಗಲ್ಲಿಗೆ ತಾಗಿ ಟಕ್ಕೆಂದಿತು.

ಅಧ್ಯಕ್ಷರು ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಗ್ಗಿ ನೋಡಿದರು. ಆಮೇಲೆ ಠರಾವಿನ ಕಾಗದವನ್ನು ತರಿಸಿ, ಗುಂಡಿಯ ಕಟ್ಟೆಯ ಮೇಲೇ ಇಟ್ಟು, ಅಂಚಿನಿಂದ ಅಂಚಿಗೆ ಎರಡು ಗೆರೆ ಎಳೆದು ಸಹಿ ಹಾಕಿದರು. ಕ್ಯಾಂಪು ಎಲ್ಲಿದೆಯೋ ಅಲ್ಲೇ ಇರುತ್ತದೆ. ಕೊಳವೆಯನ್ನು ಇಂದೇ ಬೆಸುಗೆ ಹಾಕಿ ಮುಚ್ಚಬೇಕು. ಇನ್ನು ಮುಂದೆ ಅಳತೆಯ ಕೋಲು ಕ್ಯಾಂಪಿನ ಹೆಂಗಸರ ಕೈಯಲ್ಲಿರಬೇಕು. ಅವರು ತುಂಬಿದೆ ಎಂದರೆ ಟ್ರ್ಯಾಕ್ಟರು ಬರಲೇಬೇಕು, ಬಾರದಿದ್ದರೆ ಒಂದು ಲಾಂಚೂ ದಡ ಬಿಡಕೂಡದು. ಇದನ್ನೂ ಅಲ್ಲೇ ಬರೆಸಿದರು.

ಸುದ್ದಿ ಬೇವಿನ ಮರ ಮುಟ್ಟಿದ್ದೇ ತಡ, ಹಲಗೆ ಬಾರಿಸತೊಡಗಿದರು. ಗಂಡಸರು ಹರಿಗೋಲುಗಳನ್ನು ತಲೆಯ ಮೇಲೆ ಹೊತ್ತು ನೀರಿನತ್ತ ಓಡಿದರು. ಹಗಲು ಹನ್ನೆರಡಕ್ಕೆ ಯಾರೂ ಮೀನಿಗೆ ಹೋಗುವುದಿಲ್ಲ. ನೀರು ತಮ್ಮದೆಂದು ಒಮ್ಮೆ ಸುತ್ತಿಬರಲು ಹೋದರು. ದುರ್ಗಕ್ಕ ಕೋಲೂರಿಕೊಂಡು ಬಂದು ಒಂದು ಹಿಡಿ ಭಂಡಾರದ ಅರಿಸಿನವನ್ನು ಭರಮಮ್ಮನ ನೆತ್ತಿಗೆ ಎರಚಿದಳು. ಸರ್ಕಾರಿ ಸೀರೆ ಹಳದಿಯಾಯಿತು. ಭರಮಮ್ಮ ಅದನ್ನು ಕೊಡವಲಿಲ್ಲ.

ಅಧ್ಯಕ್ಷರು ಮತ್ತೆ ಕಚೇರಿಯೊಳಗೆ ಕುಳಿತರು. ಒಂದು ಪ್ರಶ್ನೆ ಉಳಿದಿತ್ತು.

ಚಕ್ರದ ಹಿಡಿ ಇರುವ ಬೀರುವಿಗೆ ಮೂರು ಬೀಗದ ಕೈ. ಒಂದು ಜಂಬಯ್ಯನ ಬಳಿ, ಒಂದು ಗವಿಸಿದ್ದಪ್ಪನ ಬಳಿ, ಲಾಂಚು ಮಾಲೀಕರ ಪರವಾಗಿ ಒಂದು ಎರ್ರಿಯಪ್ಪನ ಬಳಿ. ಗುಂಡಿ ತುಂಬಿ ತುಳುಕಿದರೆ ಕಟ್ಟೆಗೆ ಬಂದ ಹೆಸರು ಹೋದೀತೆಂದು ಇವರಲ್ಲೊಬ್ಬ ಹೆದರಿದ್ದಾನೆ. ತುಂಬಿದೆ ಎಂದು ಹೇಳುವ ಧೈರ್ಯವಿಲ್ಲದೆ ಕತ್ತಲಲ್ಲಿ ಚಕ್ರ ತಿರುಗಿಸಿದ್ದಾನೆ. ಯಾರು? ಎಲ್ಲರ ಕಣ್ಣೂ ಎರ್ರಿಯಪ್ಪನ ಮೇಲೆ ನೆಟ್ಟವು. ಅವನ ನಗೆ ಆರಿತು. ಬಾಯಿಯಲ್ಲಿ ಬೈದದ್ದು ನಿಜ, ಕೈಯಲ್ಲಿ ಮಾಡಿಲ್ಲ ಎಂದು ಅವನು ಹಣೆ ಒರೆಸಿಕೊಂಡ.

“ಅವರಲ್ರಿ,” ಎಂದು ಹುಸೇನಮ್ಮ ಬಾಗಿಲಿನಿಂದ ಒಳಗೆ ಬಂದಳು.

ಅವಳು ಮೇಜಿನ ಮುಂದೆ ನಿಂತು, ಒದ್ದೆ ಬಲೆಯ ಮೇಲೆ ಅಂಗೈ ಇಟ್ಟಳು.

“ನಾಕು ಅಮಾಸಿನೂ ಬಿಡದಂಗ ಅದೇ ರಾತ್ರಿ ಯಾಕ ಬಿಟ್ಟಾನ, ಕೇಳ್ರಿ ಸಾಹೇಬ್ರ. ಅವತ್ತು ನೀರಿನ್ಯಾಗ ಒಂದು ಬಲಿನೂ ಇರಂಗಿಲ್ಲ, ಹೊಲಸು ಯಾರ ಕೈಗೂ ಸಿಗಂಗಿಲ್ಲ. ಇದು ಎರ್ರಿಯಪ್ಪಗ ಎಲ್ಲಿ ಗೊತ್ತು? ಅವರು ನಮ್ಮ ಕೇರಿ ಕಡಿ ತಿರುಗಿನೂ ನೋಡಿಲ್ಲ. ಗವಿಸಿದ್ದಪ್ಪ ಚೋರನೂರಿನ ಬೆದ್ದಲು ಹೊಲದಾಗ ಬೆಳೆದಾವ. ಪ್ರತಿ ಅಮಾಸಿ ಮುಂಜಾನಿ ಬಂದು, ಇವತ್ತ್ಯಾಕ ಮೀನಿಲ್ಲ ಅಂತ ನನ್ನ ಕೂಡ ಜಗಳಾ ಮಾಡ್ತಾನ.”

ಗವಿಸಿದ್ದಪ್ಪ ಹೌದೆಂದು ತಲೆಯಾಡಿಸಿದ.

“ಬಲಿ ಇರಂಗಿಲ್ಲ ಅನ್ನೋದು ಗಂಗವ್ವನ ಎಡಿ ಉಂಡಾವಗಷ್ಟ ಗೊತ್ತು. ನಿನ್ನಿ ರಾತ್ರಿ ಎಡಿ ಹಿಡಿಯೋ ಹೊತ್ತಿಗೆ ನಾವೆಲ್ಲಾರೂ ಇದ್ವಿ. ಒಬ್ಬ ಇರಲಿಲ್ಲ.”

ಅಧ್ಯಕ್ಷರು ಮುಂದಕ್ಕೆ ಬಾಗಿದರು. ಹೊರಗೆ ಹಲಗೆಯ ಸದ್ದು ನೀರಿನ ಕಡೆಯಿಂದ ಇನ್ನೂ ಕೇಳುತ್ತಿತ್ತು. ಯಾರು ಎಂದು ಅವರು ಮತ್ತೆ ಕೇಳಿದರು. ಹುಸೇನಮ್ಮ ಬಲಗಡೆಯ ಕುರ್ಚಿಯತ್ತ ತಿರುಗಿದಳು, ಕಣ್ಣು ತಗ್ಗಿಸಲಿಲ್ಲ.

“ನಮ್ಮಣ್ಣ, ಜಂಬಯ್ಯ.”