ಕೇಳುವ ಮೊದಲೇ ‘ಒಪ್ಪಿದೆ’ ಎಂದ ಕಂಪ್ಯೂಟರ್

ಅವನು ಕೆಲಸಕ್ಕೆ ಕೂತರೆ ಕಂಪ್ಯೂಟರಿಗೇ ಏದುಸಿರು ಬರುತ್ತಿತ್ತು. ಅದಕ್ಕೇ ಮನೆಯವರೆಲ್ಲ ಅವನನ್ನು ಬಿರುಗಾಳಿ ಎನ್ನುತ್ತಿದ್ದರು. ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನೂ ಅವನ ಅಕ್ಕನೂ ಸೇರಿ, ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ಆ್ಯಪ್ ಮಾಡುತ್ತಿದ್ದರು. ಓದುವ ದನಿ ಅವರ ಅಮ್ಮನದು. ಆ ದನಿಯಲ್ಲಿ ದಿನಸಿ ಚೀಟಿ ಓದಿದರೂ ಕಲ್ಲು ಕಣ್ಣೀರಿಡುತ್ತಿತ್ತು.

ಸಂಜೆ ಆ್ಯಪ್ ಬಿಡುಗಡೆ. ಅದನ್ನು ಕಟ್ಟಲು ಬೇಕಾದ, ಬೇರೆಯವರು ಬರೆದಿಟ್ಟ ಬಿಡಿಭಾಗಗಳನ್ನೆಲ್ಲ ಕಂಪ್ಯೂಟರ್ ತಾನಾಗಿಯೇ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುತ್ತಿತ್ತು. ಅಕ್ಕ ತಮ್ಮನ ಹೆಗಲ ಮೇಲಿಂದ ಪರದೆ ನೋಡಿದಳು.

“ಲೋ, ಇದು ಎಲ್ಲೂ ನಿಲ್ಲೋದೇ ಇಲ್ವಲ್ಲ? ಕೆಲವು ಭಾಗಕ್ಕೆ ಲೈಸೆನ್ಸ್ ಇರುತ್ತೆ. ಷರತ್ತು ಒಪ್ಪುತ್ತೀರಾ ಅಂತ ಕೇಳಬೇಕಲ್ವಾ?”

ಬಿರುಗಾಳಿ ಇಲ್ಲದ ಮೀಸೆ ತಿರುವಿದ. “ಕೇಳ್ತಿತ್ತು ಅಕ್ಕ. ಎಲ್ಲದಕ್ಕೂ ನೀನೇ ‘ಒಪ್ಪಿದೆ’ ಅಂದ್ಬಿಡು ಅಂತ ಒಂದು ಸಾಲು ಬರೆದಿಟ್ಟೆ. ಈಗ ಚಹಾ ಕುಡಿದು ಬರೋಷ್ಟರಲ್ಲಿ ಎಲ್ಲಾ ರೆಡಿ!”

“ಅಂದ್ರೆ ಓದದೇ ಹೆಬ್ಬೆಟ್ಟು ಒತ್ತಿದೀಯ.”

“ನಾನೆಲ್ಲಿ? ಕಂಪ್ಯೂಟರ್ ಒತ್ತಿದ್ದು.”

“ನೋಟಿಸ್ ಬಂದ್ರೆ ಅದನ್ನೇ ಕಟಕಟೆ ಹತ್ತಿಸ್ತೀಯಾ? ಹೇಳಿಸಿದೋನು ನೀನು.”

“ಹನುಮಂತನ ಬಾಲದಷ್ಟು ಉದ್ದ ಇರುತ್ತೆ. ಯಾರು ಓದ್ತಾರೆ?”

“ನಾನು ಓದ್ತೀನಿ. ಆ ಸಾಲು ತೆಗಿ.”

ಗೊಣಗುತ್ತಲೇ ತೆಗೆದು, ಇಳಿಸಿದ್ದನ್ನೆಲ್ಲ ಅಳಿಸಿ ಮತ್ತೆ ಶುರು ಮಾಡಿದ. ಕಂಪ್ಯೂಟರ್ ಗಕ್ಕನೆ ನಿಂತಿತು. ದನಿ ತಿದ್ದುವ ಬಿಡಿಭಾಗದ ಹೊಸ ಆವೃತ್ತಿಗೆ ಒಪ್ಪಿಗೆ ಕೇಳುತ್ತಿತ್ತು. ಅಕ್ಕ ಓದತೊಡಗಿದಳು. ಬಿರುಗಾಳಿಗೆ ತಾನು ಕೂತಲ್ಲೇ ಬೇರು ಬಿಟ್ಟು, ಚಿಗುರೊಡೆದು, ಕಾಯಿ ಬಿಡುತ್ತಿದ್ದೇನೆ ಅನ್ನಿಸಿತು.

“ಇಲ್ಲಿ ಓದು,” ಎಂದಳು ಅಕ್ಕ.

ಈ ಭಾಗದ ಮೂಲಕ ಹಾದುಹೋಗುವ ದನಿಗಳನ್ನು ಅದರ ತಯಾರಕರು ಇಟ್ಟುಕೊಂಡು ತಮಗಿಷ್ಟ ಬಂದಲ್ಲಿ ಬಳಸಬಹುದು ಎಂದಿತ್ತು. ಯಾರಾದರೂ ಫೋನಿನಲ್ಲಿ ಆ್ಯಪ್ ತೆರೆದೊಡನೆ ಅಮ್ಮನ ದನಿ ಆ ತಯಾರಕರ ಕೈ ಸೇರುತ್ತಿತ್ತು.

ಮೂಲೆಯಲ್ಲಿ ಮುಂದಿನ ಪುಟ ಓದಲು ತಯಾರಾಗುತ್ತಿದ್ದ ಅಮ್ಮ ತಲೆಯೆತ್ತಿದಳು. “ನನ್ನ ದನೀಲಿ ಯಾರೋ ಸೊಳ್ಳೆ ಔಷಧಿ ಮಾರ್ತಾರಾ?”

“ಮಾರಬಹುದು ಅಮ್ಮ. ಕೇಳಿದ್ರೆ, ನಿಮ್ಮ ಮಗನೇ ಒಪ್ಪಿದಾನೆ ಅಂತಾರೆ.”

“ನಿನ್ನ ನಂಬಿ ಓದಿದ್ನಲ್ಲೋ,” ಎಂದಳು ಅಮ್ಮ, ಮೆಲ್ಲಗೆ.

ಬಿರುಗಾಳಿ ಕೀಲಿಮಣೆಯಿಂದ ಕೈ ತೆಗೆದ. ಇಷ್ಟು ದಿನ ತನ್ನ ಹೆಸರಿನಲ್ಲಿ ಈ ಯಂತ್ರ ಇನ್ನೂ ಯಾವುದಕ್ಕೆಲ್ಲ ತಲೆಯಾಡಿಸಿದೆಯೋ, ಅವನಿಗೇ ಗೊತ್ತಿರಲಿಲ್ಲ.

“ಹಾಗಂತ ದಿನಾ ಇದನ್ನೇ ಓದ್ತಾ ಕೂರೋದಾ ಅಕ್ಕ?”

“ದಿನಾ ಯಾಕೆ? ನಾವು ಓದಿ ಒಪ್ಪಿದ ಲೈಸೆನ್ಸಿಗೆ ಮಾತ್ರ ಅದು ಹೂಂ ಅನ್ನಲಿ. ಹೊಸದು ಬಂದ್ರೆ, ಇಲ್ಲಾ ಷರತ್ತು ಬದಲಾದ್ರೆ, ನಿಂತು ನಮ್ಮನ್ನ ಕೇಳಲಿ. ಆವೃತ್ತೀನೂ ನಾವು ಹೇಳಿದ್ದೇ ಇಳಿಸಲಿ.”

ಬಿಡುಗಡೆ ಮುಂದೆ ಹೋಯಿತು. ಅದೇ ಕೆಲಸದ ಬೇರೊಂದು ಬಿಡಿಭಾಗ ಹುಡುಕಿದರು. ಕಂಪ್ಯೂಟರ್ ಒಪ್ಪಿಗೆ ಕೇಳಿದಾಗ ಬಿರುಗಾಳಿ ಷರತ್ತುಗಳನ್ನು ಅಮ್ಮನಿಗೆ ಕೇಳುವಂತೆ ಒಂದೊಂದಾಗಿ ಓದಿದ. ಮುಗಿಸಿ ಅವಳ ಮುಖ ನೋಡಿದ.

“ಇದಕ್ಕಾದ್ರೆ ನಾನು ಒಪ್ಪಿದೀನಿ ಕಣೋ,” ಎಂದಳು ಅಮ್ಮ. ಆಮೇಲೆ ಅವನು ಗುಂಡಿ ಒತ್ತಿದ.

ತಂತ್ರಾಂಶ ಕಟ್ಟುವ ಗೆಳೆಯರೇ, ನಿಮ್ಮ ಕಂಪ್ಯೂಟರ್ ನಿಮ್ಮ ಹೆಸರಿನಲ್ಲಿ ಏನೇನು ಒಪ್ಪುತ್ತಿದೆ? ಇವತ್ತೇ ತೆರೆದು ನೋಡಿ. ಇಳಿಸುವ ಕೆಲಸ ಅದು ಮಾಡಲಿ. ಮಾತು ಕೊಡುವ ಮೊದಲು ನೀವು ಓದಿ.